ಷರಾ: ಮಗ್ಗದ ಮನೆ ಮಗು

ದೊಡ್ಡಬಳ್ಳಾಪುರ
9 ನವೆಂಬರ್ 2025, ಭಾನುವಾರ

ಪ್ರೀತಿಯ ಅಮ್ಮಯ್ಯನಿಗೆ,

ನಿನ್ನ ಗೆಳತಿ ಭಾಗ್ಯ ಮಾಡುವ ನಮಸ್ಕಾರ. ಲಕೋಟೆಯ ಹಿಂದೆ ನನ್ನ ಹೆಸರು ನೋಡಿ ನೀನು ಒಡೆಯದೆಯೇ ಫ್ರಿಜ್ಜಿನ ಮೇಲೆ ಎಸೆದಿರಬಹುದು. ಎಸೆದಿದ್ದರೂ ನಾಲ್ಕು ದಿನ ಬಿಟ್ಟು ಒಡೆದೇ ಒಡೆಯುತ್ತೀಯ ಎನ್ನುವ ಧೈರ್ಯ ನನಗಿದೆ. ಟ್ರೈನಿಂಗ್ ಹಾಸ್ಟೆಲಿನಲ್ಲಿ ಬೇರೆಯವರಿಗೆ ಬಂದ ಕಾಗದವನ್ನೂ ಬೆಳಕಿಗೆ ಹಿಡಿದು ಓದುತ್ತಿದ್ದವಳು ನೀನು.

ಹನ್ನೊಂದು ವರ್ಷ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು ಎಂದರೆ 'ಯಾಕೆ, ಬಸ್ ಸಿಗ್ಲಿಲ್ವಾ?' ಅಂತೀಯ. ಅನ್ನು. ಫೋನ್ ಮಾಡಬಹುದಿತ್ತಲ್ಲ ಎಂದೂ ಕೇಳುತ್ತೀಯ. ಫೋನಿಗೂ ನನಗೂ ಆಗಿಬರುವುದಿಲ್ಲ, ಅದು ನಿನಗೆ ಮೊದಲಿನಿಂದ ಗೊತ್ತು.

ನಾವಿಲ್ಲಿ ಆರೋಗ್ಯವಾಗಿದ್ದೇವೆ. ನಮ್ಮ ಯಜಮಾನರು ಆದಿನಾರಾಯಣಪ್ಪನವರಿಗೆ ಮಂಡಿ ನೋವು. ಬೆಳಿಗ್ಗೆ ಪಾರ್ಕಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕುಳಿತು ಬರುವುದಕ್ಕೆ ವಾಕಿಂಗ್ ಎನ್ನುತ್ತಾರೆ. ನಾನು ಹೋದ ವರ್ಷ ಮೇ ತಿಂಗಳಲ್ಲಿ ನಿವೃತ್ತಳಾದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ. ಭಾಷಣ ಮಾಡಿದವರೆಲ್ಲ, ತಾಲ್ಲೂಕಿನ ವಿಶೇಷ ಚೇತನ ಮಕ್ಕಳಿಗೆ ಭಾಗ್ಯಮ್ಮನವರು ತಾಯಿಯ ಹಾಗಿದ್ದರು ಎಂದರು. ಅಮ್ಮಯ್ಯ ಇಲ್ಲಿ ಕುಳಿತಿದ್ದರೆ ಈ ಮಾತಿಗೆ ಎದ್ದು ಹೊರಟುಬಿಡುತ್ತಿದ್ದಳು ಎಂದು ನೆನೆಸಿಕೊಂಡೆ. ನನಗೂ ಎದ್ದು ಹೋಗಬೇಕೆನ್ನಿಸಿತ್ತು ಕಣೇ, ಕೊರಳಲ್ಲಿ ಅಷ್ಟು ದಪ್ಪ ಹಾರ ಹಾಕಿಕೊಂಡವಳು ಎಲ್ಲಿಗೆ ಹೋಗಲಿ.

ನಿನ್ನ ವಿಳಾಸ ಕೊಟ್ಟವರು ರಾಮಾಂಜಿನಪ್ಪ ಮೇಷ್ಟ್ರು. ಅದೇ, ನಮ್ಮ ಜೊತೆ ಗಣಿತ ಹೇಳುತ್ತಿದ್ದವರು, ಈಗಲೂ ಯಾರ ಮನೆಯಲ್ಲಿ ಏನು ಸಾರು ಎನ್ನುವುದು ಅವರಿಗೆ ಗೊತ್ತಿರುತ್ತದೆ. ನಿನಗೂ ಈ ಜೂನಿನಲ್ಲಿ ರಿಟೈರ್ ಆಯಿತಂತೆ. ನಿನ್ನ ಮಗ ಕೆಂಪರಾಜ ನಿಮ್ಮ ದೇವನಹಳ್ಳಿ ವಿಜಯಪುರದಲ್ಲೇ ರೇಷ್ಮೆ ಹುರಿ ಹಾಕುವ ಯೂನಿಟ್ಟು ಇಟ್ಟಿದ್ದಾನಂತೆ, ನೀನು ಅಜ್ಜಿಯಾದೆಯಂತೆ. ಕೇಳಿ ಸಂತೋಷವಾಯಿತು, ಮದುವೆಗೆ ಕರೆಯಲಿಲ್ಲವಲ್ಲ ಎಂದು ಹೊಟ್ಟೆಯೂ ಉರಿಯಿತು. ಎರಡೂ ನಿಜ.

ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು. ನಿನಗೆ ವರ್ಗವಾಗಿ ಊರು ಬಿಟ್ಟ ದಿನ, ಬಸ್‌ ಸ್ಟ್ಯಾಂಡಿನಲ್ಲಿ ನಾನು ನಿನಗೆ ಕಂಡೆನಂತೆ. ನೀನು ನನ್ನನ್ನು ಮೂರು ಸಲ ಕರೆದೆಯಂತೆ, ನಾನು ತಿರುಗಿಯೂ ನೋಡಲಿಲ್ಲವಂತೆ. "ಅಷ್ಟು ಕೊಬ್ಬಾ ಮೇಡಂ ನಿಮ್ಗೆ? ಪಾಪ, ಆಯಮ್ಮ ರಾಜಿ ಮಾಡ್ಕೊಳೋಣ ಅಂತಾನೇ ಬಂದಿದ್ರು" ಎಂದರು. ನಾನು ಕಾಫಿ ಬೇಕಾ ಎಂದು ಕೇಳಿ ಒಳಗೆ ಹೋದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಶಿಲ್ಪ ಸಿಕ್ಕಿದ್ದಳು.

ಯಾವ ಶಿಲ್ಪ ಎಂದು ನೀನು ಕೇಳುವುದಿಲ್ಲ. ನಿನ್ನ ಎರಡನೇ ತರಗತಿಯ ಶಿಲ್ಪ, ಮಗ್ಗದ ಕಾಂತರಾಜುವಿನ ಮಗಳು, ಎರಡು ಜಡೆಗೆ ಎರಡು ಬಣ್ಣದ ಟೇಪು ಕಟ್ಟಿಕೊಂಡು ಬರುತ್ತಿದ್ದವಳು. ಅವಳಿಗೀಗ ಹತ್ತೊಂಬತ್ತು. ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಬೇಕೆಂದು ಹಟ ಹಿಡಿದಿದ್ದಾಳೆ. ಪಾಠ ಹೇಳಿಕೊಡಲು ನೀನೇ ಬೇಕಂತೆ, ಬೇರೆ ಯಾರೂ ಬೇಡವಂತೆ. ಈ ಕಾಗದ ಬರೆಯುತ್ತಿರುವುದು ಅದಕ್ಕೆ. ನನ್ನ ಮೇಲಿನ ಸಿಟ್ಟಿಗೆ ನೀನು ಬರುವುದಿಲ್ಲ ಎಂದುಬಿಟ್ಟರೆ ಆ ಹುಡುಗಿಗೆ ಎರಡನೇ ಸಲವೂ ನನ್ನಿಂದಲೇ ಅನ್ಯಾಯವಾಗುತ್ತದೆ. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ಬರೆದರೂ ಸಹಿಸಿಕೋ. ನನ್ನ ಕೈಯಲ್ಲೇ ಬರೆದು ನೋಡಬೇಕಾಗಿದೆ ನನಗೆ.

ಎರಡು ಸಾವಿರದ ಹದಿಮೂರರ ಜುಲೈ. ನಾನು ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಶಿಕ್ಷಕಿ. ಶಾಲೆ ಶಾಲೆಗೆ ಹೋಗಿ ಕಣ್ಣು, ಕಿವಿ, ಕೈಕಾಲು, ಬುದ್ಧಿ ಎಂದು ಯಾವ ಮಗುವಿಗೆ ಏನು ತೊಂದರೆ ಇದೆ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ನಾನು ಬರೆದರೆ ಆ ಮಗು ಡಾಕ್ಟರ ಶಿಬಿರಕ್ಕೆ ಹೋಗುತ್ತದೆ, ಕಿವಿಗೆ ಯಂತ್ರ ಸಿಗುತ್ತದೆ, ವಾರಕ್ಕೊಮ್ಮೆ ಯಾರಾದರೂ ಪಕ್ಕ ಕುಳಿತು ಹೇಳಿಕೊಡುತ್ತಾರೆ. ನಾನು ಬರೆಯದಿದ್ದರೆ ಏನೂ ಇಲ್ಲ. ನಿಮ್ಮ ಶಾಲೆಗೆ ಬಂದ ದಿನ ನೀನು ಅರ್ಧ ಹಾಳೆಯ ಚೀಟಿಯೊಂದನ್ನು ನನ್ನ ಕೈಗೆ ತುರುಕಿದೆ. ಅದು ಈಗಲೂ ನನ್ನ ಹತ್ತಿರ ಇದೆ. 'ಶಿಲ್ಪ, 2ನೇ ತರಗತಿ. ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ತನ್ನ ಹೆಸರನ್ನು ಇಲ್ಪ ಎನ್ನುತ್ತಾಳೆ. ದಯವಿಟ್ಟು ಡಾಕ್ಟರ ಶಿಬಿರಕ್ಕೆ ಬರೆದುಕೊಳ್ಳುವುದು.' ಗೆಳತಿಗೆ ಬರೆದ ಚೀಟಿಗೂ ಕೆಳಗೆ ಸಹಿ, ತಾರೀಖು. ನಿನ್ನ ಬುದ್ಧಿಯೇ ಅದು.

ಮಗುವಿನ ತಾಯಿ ಸೊಣ್ಣಮ್ಮ ಮಗ್ಗದಿಂದ ಎದ್ದು ಹಾಗೇ ಬಂದಿದ್ದಳು, ಸೆರಗಿನ ತುಂಬ ದಾರದ ಚೂರು. ಮಗುವನ್ನು ನಿಲ್ಲಿಸಿ ನಾನು ಬೆನ್ನ ಹಿಂದೆ ನಿಂತು ಮೆಲ್ಲಗೆ ಒಂದೊಂದೇ ಮಾತು ಹೇಳಿದೆ. ಸೊಣ್ಣಮ್ಮ ಮಗುವಿನ ಎದುರಿಗೆ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಕಾಗೆ ಅಂದೆ, ಮಗು ಕಾಗೆ ಅಂದಿತು. ಅನ್ನ ಅಂದೆ, ಅನ್ನ ಅಂದಿತು. ಶಾಲೆ ಅಂದೆ, ಆಲೆ ಅಂದಿತು. ಮುಂದಿನ ಹಲ್ಲು ಬಿದ್ದಿತ್ತಲ್ಲ, ಅದಕ್ಕೆ ಹಾಗೆ ಎಂದೆ. ಷರಾ ಕಾಲಮ್ಮಿನಲ್ಲಿ ಬರೆದೆ: 'ಮಗ್ಗದ ಮನೆ ಮಗು. ತೊಂದರೆ ಇಲ್ಲ.'

ನೀನು ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರಿಗೂ ಆದ ಜಗಳ ಇಡೀ ಶಾಲೆಗೆ ಕೇಳಿಸಿತ್ತು. ನಾನು ಏನೇನು ಅಂದೆ ಎನ್ನುವುದು ನನಗೆ ಬಾಯಿಪಾಠವಾಗಿದೆ.

"ನೀನು ಬೆಳವಂಗಲದ ರಾಗಿ ಹೊಲದೋಳು ಕಣೇ, ಮಗ್ಗದ ಮನೆ ವಿಷ್ಯ ನಿನಗೇನ್ ಗೊತ್ತು? ನಾನು ಹುಟ್ಟಿದ್ದೇ ಮಗ್ಗದ ಸದ್ದಲ್ಲಿ. ನಮ್ಮನೇಲಿ ಯಾರೂ ಕಿವೀಲಿ ಕೇಳಲ್ಲ, ಕಣ್ಣಲ್ಲೇ ಕೇಳೋದು."

ಅದು ಸುಳ್ಳೇನಲ್ಲ. ನಾಲ್ಕು ಪವರ್‌ಲೂಮು ಒಟ್ಟಿಗೆ ಓಡುವ ಮನೆಯಲ್ಲಿ ಯಾರು ತಾನೇ ಮಾತಾಡಿಯಾರು? ಎರಡು ಬೆರಳು ಕತ್ತರಿಸಿದ ಹಾಗೆ ಆಡಿಸಿದರೆ ಎಳೆ ಹರಿಯಿತು ಎಂದು. ಕೈ ಬಾಯಿಗೆ ಹೋದರೆ ಊಟಕ್ಕೆ ಬಾ ಎಂದು. ಉಳಿದದ್ದಕ್ಕೆಲ್ಲ ತುಟಿ ನೋಡಬೇಕು. ಕರೆಂಟು ಹೋದಾಗ ನಮ್ಮ ಬೀದಿಯ ತಮಾಷೆ ನೋಡಬೇಕು ನೀನು. ಮಗ್ಗಗಳೆಲ್ಲ ಒಮ್ಮೆಗೇ ನಿಂತರೂ ಜನ ಮಾತ್ರ ಇನ್ನೂ ಎರಡು ನಿಮಿಷ ಕಿರುಚಿಕೊಂಡೇ ಇರುತ್ತಾರೆ. ಯಾರ ಮನೆಯ ಗುಟ್ಟಿದ್ದರೂ ಆಗಲೇ ಬೀದಿಗೆ ಬೀಳುವುದು. ಕರೆದರೆ ತಿರುಗದ ಮಕ್ಕಳಿಗೆ ನಮ್ಮಲ್ಲಿ ಮಗ್ಗದ ಕಿವಿ ಎನ್ನುತ್ತಾರೆ. ಅದನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ.

ನೀನು ಆಗ ದನಿ ತಗ್ಗಿಸಿ ಹೇಳಿದ್ದೆ: "ಮಗ್ಗ ನಿಂತ ಮೇಲೂ ಅದು ತಿರುಗಲ್ಲ ಕಣೇ ಭಾಗ್ಯ. ಕರೆಂಟ್ ಹೋದಾಗ ಅವರ ಬೀದಿಗೇ ಹೋಗಿ ಕರೆದು ನೋಡ್ಕೊಂಡ್ ಬಂದಿದೀನಿ."

ಉತ್ತರ ಇಲ್ಲದಿದ್ದಾಗ ನಾನು ಏನು ಮಾಡುತ್ತೇನೆ ಅಂತ ನಿನಗೆ ಗೊತ್ತು. "ವಿಶೇಷ ಶಿಕ್ಷಕಿ ನೀನಾ, ನಾನಾ?" ಎಂದುಬಿಟ್ಟೆ. ಇಪ್ಪತ್ತೊಂಬತ್ತು ವರ್ಷದ ಸ್ನೇಹದ ಮೇಲೆ ಹುದ್ದೆಯನ್ನು ತಂದು ಇಟ್ಟೆ. ನೀನು ಚೀಲ ಎತ್ತಿಕೊಂಡು ತರಗತಿಗೆ ಹೋದೆ. ಅಲ್ಲಿಂದ ನನ್ನ ಜೊತೆ ಮಾತು ಬಿಟ್ಟೆ. ಮುಂದಿನ ವರ್ಷ ಕೌನ್ಸೆಲಿಂಗಿನಲ್ಲಿ ವಿಜಯಪುರ ಆರಿಸಿಕೊಂಡು ಹೊರಟೇಹೋದೆ.

(ಇಲ್ಲಿಗೆ ನಿಲ್ಲಿಸಿದ್ದೆ. ಯಜಮಾನರ ಅಕ್ಕ ಬಂದು ಎರಡು ದಿನ ಇದ್ದರು. ಅವರ ಮುಂದೆ ಬರೆಯಲು ಕುಳಿತರೆ ಯಾರಿಗೆ, ಏನು, ಯಾಕೆ ಎಂದು ಹೇಳಿಯೇ ಸುಸ್ತಾಗುತ್ತದೆ. ಇವತ್ತು ಮಂಗಳವಾರ.)

ನೀನು ಹೋದ ಮೇಲೆ ಆ ಮಗುವಿಗೆ ಏನಾಯಿತೆಂದು ಮೊನ್ನೆಯವರೆಗೆ ನಾನು ವಿಚಾರಿಸಿಯೂ ಇರಲಿಲ್ಲ. ಈಗ ಗೊತ್ತಾಗಿದೆ. ನಿನ್ನ ಜಾಗಕ್ಕೆ ಬಂದವರು ಎತ್ತರದ ಹುಡುಗಿ ಎಂದು ಅವಳನ್ನು ಹಿಂದಿನ ಸಾಲಿಗೆ ಕಳಿಸಿದರು. ನಾಲ್ಕಕ್ಕೆ ಬರುವ ಹೊತ್ತಿಗೆ ಮಕ್ಕಳು ಅವಳಿಗೆ ಮಂಕಿ, ಅಂದರೆ ಮಂಕುಬುದ್ಧಿಯವಳು, ಎಂದು ಹೆಸರಿಟ್ಟರು. ಆರನೆಯ ತರಗತಿಯಲ್ಲಿ ಒಂದು ದಿನ ಚೀಲ ಮನೆಯಲ್ಲಿಟ್ಟು, ಅಮ್ಮನ ಪಕ್ಕ ಕುಳಿತು ದಾರ ಸುತ್ತಲು ಶುರುಮಾಡಿದವಳು ಮತ್ತೆ ಶಾಲೆಗೆ ಹೋಗಲಿಲ್ಲ. ಹದಿನಾರು ವರ್ಷವಾದಾಗ ಯಾವುದೋ ಸಂಘದವರ ಶಿಬಿರದಲ್ಲಿ ಕಿವಿ ಪರೀಕ್ಷೆಯಾಗಿ ಯಂತ್ರ ಬಂದಿದೆ. ಎರಡೂ ಕಿವಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತಂತೆ. "ಏಳು ವರ್ಷಕ್ಕೇ ಇದನ್ನ ಹಾಕಿದ್ರೆ ಮಾತೂ ಉಳೀತಿತ್ತು, ಓದೂ ಉಳೀತಿತ್ತು" ಅಂದರಂತೆ ಅಲ್ಲಿನ ಡಾಕ್ಟರು. ಇದನ್ನು ನನಗೆ ಹೇಳಿದವನು ಕಾಂತರಾಜು. ಅದಕ್ಕೆ ಆಮೇಲೆ ಬರುತ್ತೇನೆ.

ಮೊನ್ನೆ ನಾಲ್ಕನೇ ತಾರೀಖು ಸಂಪನ್ಮೂಲ ಕೇಂದ್ರದಲ್ಲಿ ಮಕ್ಕಳ ತಪಾಸಣಾ ಶಿಬಿರ ಇತ್ತು. ಜನ ಸಾಲದು, ಹೆಸರು ಬರೆದುಕೊಳ್ಳಲು ಬನ್ನಿ ಮೇಡಂ ಎಂದು ಕರೆದರು. ಮನೆಯಲ್ಲಿ ಕುಳಿತು ಬೇಸರವಾಗಿತ್ತು, ಕುಣಿದುಕೊಂಡು ಹೋದೆ. ಹನ್ನೊಂದು ಗಂಟೆಗೆ ಒಬ್ಬ ಹುಡುಗಿ ಏಳು ವರ್ಷದ ತಂಗಿಯನ್ನು ಕೈಹಿಡಿದು ತಂದಳು, ಹಿಂದೆ ತಾಯಿ. ಹುಡುಗಿಯ ಎರಡು ಕಿವಿಯಲ್ಲೂ ಯಂತ್ರ. ಮಗುವಿನ ಹೆಸರೇನು ಎಂದೆ, ಅರ್ಪಿತ ಎಂದಳು. ಶಾಲೆಯವರು ಕಳಿಸಿದರಾ ಎಂದೆ. "ಇಲ್ಲ, ನಾನೇ ಕರ್ಕೊಂಡ್ ಬಂದೆ" ಎಂದಳು. ನಿನ್ನ ಹೆಸರು?

"ಇಲ್ಪ."

ಅಮ್ಮಯ್ಯ, ಹಲ್ಲೆಲ್ಲ ಬಂದು ಎಷ್ಟು ವರ್ಷವಾಯಿತು, ಇವತ್ತಿಗೂ ಆ ಹುಡುಗಿಗೆ ತನ್ನ ಹೆಸರಿನ ಮೊದಲಕ್ಷರ ಆಡಲು ಬರುವುದಿಲ್ಲ. ಅದು ಅವಳ ಕಿವಿಗೆ ಬಿದ್ದೇ ಇರಲಿಲ್ಲ, ಹೇಗೆ ಬಂದೀತು?

ಡಾಕ್ಟರು ತಂಗಿಯನ್ನು ಕರೆದರು. ಆಗ ಶಿಲ್ಪ ಒಂದು ಕೆಲಸ ಮಾಡಿದಳು. ತಾಯಿಯ ಎರಡು ಭುಜ ಹಿಡಿದು ಬಾಗಿಲಿನ ಆಚೆ ತಂದು ನಿಲ್ಲಿಸಿ, "ಅಮ್ಮ ಹೊರಗಿರ್ಲಿ. ಒಳಗೆ ಬೇಡ" ಎಂದು ಬಾಗಿಲು ಅರ್ಧ ಮುಚ್ಚಿದಳು. ಸೊಣ್ಣಮ್ಮ ನೆಲ ನೋಡುತ್ತಾ ನಿಂತಳು. ಯಾಕಮ್ಮಾ ಎಂದು ನಾನು ಕೇಳಿದೆ. ಶಿಲ್ಪ ನನ್ನ ಮುಖ ನೋಡಿ ನಿಧಾನವಾಗಿ ಹೇಳಿದಳು: "ಅವತ್ತು ಅಮ್ಮ ಮುಂದೆ ನಿಂತು ತುಟೀಲಿ ಹೇಳ್ಕೊಡ್ತಿದ್ರು ಮಿಸ್. ನಾನು ಅದನ್ನ ನೋಡ್ಕೊಂಡು ಹೇಳಿದ್ದು. ನೀವು ಹಿಂದೆ ಇದ್ರಿ."

ಅಂದರೆ ಅವಳಿಗೆ ನನ್ನ ಗುರುತು ಸಿಕ್ಕಿತ್ತು. ಆ ದಿನ ಸೊಣ್ಣಮ್ಮನ ತುಟಿ ಆಡಿದ್ದನ್ನು ನಾನು ಗಮನಿಸಿರಲಿಲ್ಲ. ಸೊಣ್ಣಮ್ಮನನ್ನು ಬೈಯುವುದು ಸುಲಭ. ರಿಜಿಸ್ಟರಿನಲ್ಲಿ ಕಿವುಡಿ ಎಂದು ಬರೆದುಬಿಟ್ಟರೆ ನಾಳೆ ಮದುವೆ ಹೇಗೆ ಎಂದು ಹೆದರಿದ ಹೆಂಗಸು ಅವಳು. ಅವಳು ಹೆದರಲಿ ಬಿಡು, ಹೆದರುವುದು ಅವಳ ಪಾಡು. ನೋಡುವುದು ನನ್ನ ಕೆಲಸವಾಗಿತ್ತು.

ಅರ್ಪಿತಳ ಕಿವಿ ಚೆನ್ನಾಗಿದೆ. ಡಾಕ್ಟರು ಹೇಳಿದರೂ ಶಿಲ್ಪ ನಂಬಲಿಲ್ಲ, ಇನ್ನೊಂದು ಸಲ ನೋಡಿ ಎಂದು ಪಟ್ಟುಹಿಡಿದಳು. ಎರಡನೇ ಸಲ ಆ ಪುಟ್ಟಿ ಸಿಟ್ಟುಮಾಡಿಕೊಂಡು, "ಅಕ್ಕಾ, ಹೊರಗಡೆ ಅಮ್ಮ ಯಾರ್ಗೋ ಬೈತಿರೋದೂ ಕೇಳಿಸ್ತಿದೆ ನಂಗೆ" ಎಂದಿತು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಶಿಲ್ಪ ನಗುವುದಕ್ಕೆ ಹೋಗಿ ಗೋಡೆ ಕಡೆ ತಿರುಗಿಕೊಂಡು ಅತ್ತಳು.

ಗುರುವಾರ ನಾನೇ ಅವರ ಮನೆಗೆ ಹೋದೆ. ಯಾಕೆ ಹೋದೆ ಎಂದರೆ ಬೈಸಿಕೊಳ್ಳಲು ಎಂದೇ ಇಟ್ಟುಕೋ. ಕಾಂತರಾಜು ಮಗ್ಗ ನಿಲ್ಲಿಸಿ, ಚಾಪೆ ಹಾಸಿ, ಕಾಫಿ ತರಿಸಿದ. "ನಿಮ್ಮಂಥೋರು ಮನೇಗ್ ಬಂದ್ರಲ್ಲ ಮೇಡಂ" ಎಂದ. ಅವನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಅವತ್ತು ನೀವು ತೊಂದ್ರೆ ಇಲ್ಲ ಅಂತ ಬರ್ಕೊಟ್ರಿ ಅಂತ ಸೊಣ್ಣಿ ಬಂದು ಹೇಳಿದ್ಲು ನೋಡಿ, ನಂಗೆ ಎಷ್ಟ್ ಸಮಾಧಾನ ಆಯ್ತು ಅಂತೀರಾ. ಬೀದೀಗೆಲ್ಲ ಹೇಳ್ಕೊಂಡ್ ಬಂದೆ, ನಮ್ಮ್ ಮಗೀಗೆ ಏನೂ ಇಲ್ವಂತೆ ಅಂತ. ಆಮೇಲಾಮೇಲೆ ಓದ್ಲಿಲ್ಲ ಮೇಡಂ ಇದು. ಮಾತು ಕೇಳ್ತಿರ್ಲಿಲ್ಲ. ಕಿವಿ ಸರಿಯಾಗೇ ಇದೆ ಅಂತ ದೊಡ್ಡೋರೇ ಬರ್ದವ್ರೆ, ಇದಕ್ಕೆ ಕೊಬ್ಬು ಅಂತ ಹೊಡೀತಿದ್ದೆ. ಹುಣಸೆ ಬರ್ಲಲ್ಲಿ. ಕಣ್ಣ್ ಬಿಟ್ಕೊಂಡು ನನ್ನ ಬಾಯೇ ನೋಡ್ತಿತ್ತು ಮೇಡಂ, ನಂಗೆ ಇನ್ನೂ ರೇಗೋದು."

ಅಮ್ಮಯ್ಯ, ನನ್ನ ಎರಡು ಸಾಲಿನ ಷರಾ ಆ ಮನೆಯಲ್ಲಿ ಹುಣಸೆ ಬರಲಾಗಿತ್ತು ಕಣೇ. ಕಾಫಿ ಲೋಟ ಕೆಳಗಿಟ್ಟು ಅಲ್ಲೇ ಅತ್ತುಬಿಟ್ಟೆ. ಕಾಂತರಾಜು ಗಾಬರಿಯಾಗಿ, "ಬಿಡಿ ಮೇಡಂ, ನಿಮ್ದೇನ್ ತಪ್ಪು" ಎಂದ. ನನ್ನದೇ ತಪ್ಪು ಎಂದೆ. ನಿನ್ನ ಚೀಟಿಯ ವಿಷಯವನ್ನೂ ಹೇಳಿದೆ. ಅವನು ಎದ್ದು ಹೋಗಿ ಮಗ್ಗ ಹಾಕಿದ. ಆಮೇಲೆ ಮಾತಿಗೆ ಎಡೆಯೇ ಇರಲಿಲ್ಲ.

ಶಿಲ್ಪ ನನ್ನನ್ನು ಬೀದಿಯ ತುದಿಯವರೆಗೆ ಬಿಡಲು ಬಂದಳು. ಎಸ್ಸೆಸ್ಸೆಲ್ಸಿ ಆಸೆ ಹೇಳಿದ್ದು ಆಗ. ಸೀರೆ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಕೇಳಿದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಾ ಅಂದರಂತೆ. ಆರನೆಯ ತರಗತಿಯಿಂದಲೇ ಮತ್ತೆ ಶುರುಮಾಡಬೇಕು ಎನ್ನುವುದು ಅವಳಿಗೆ ಗೊತ್ತು, ಎರಡು ವರ್ಷವಾದರೂ ಆಗಲಿ ಎನ್ನುತ್ತಾಳೆ. ನಾನು ತಕ್ಷಣ, ನಾನೇ ಹೇಳಿಕೊಡುತ್ತೇನೆ, ದಿನಾ ಬರುತ್ತೇನೆ ಎಂದೆ. ಹೇಗಾದರೂ ಮಾಡಿ ತೊಳೆದುಕೊಳ್ಳುವ ಆತುರ ನನಗೆ.

"ನಿಮ್ಮತ್ರ ಬೇಡ ಮಿಸ್" ಎಂದಳು. ಒರಟಾಗಿ ಅಲ್ಲ, ಸುಮ್ಮನೆ ಹೇಳಿದಳು. "ಅಮ್ಮಯ್ಯ ಮಿಸ್ ಎಲ್ಲಿದಾರೆ? ಅವರು ಬೋರ್ಡ್ ಕಡೆ ತಿರುಗಿ ಬರೀವಾಗ ಮಾತೇ ಆಡ್ತಿರ್ಲಿಲ್ಲ. ಬರೆದು, ನನ್ನ ಕಡೆ ತಿರುಗಿ, ಆಮೇಲೆ ಹೇಳ್ತಿದ್ರು. ನಂಗೆ ಆಲೇಲಿ ಅರ್ಥ ಆಗಿದ್ದು ಅಷ್ಟೇ, ಆ ಒಂದು ವರ್ಷ."

ಮೂವತ್ತು ಮಕ್ಕಳ ತರಗತಿಯಲ್ಲಿ ಒಂದು ಮಗುವಿಗೋಸ್ಕರ ನೀನು ದಿನಾ ಹಾಗೆ ತಿರುಗಿ ತಿರುಗಿ ಪಾಠ ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಬರೆದುಕೊಳ್ಳದಿದ್ದರೂ ನೀನು ಬಿಟ್ಟುಕೊಟ್ಟಿರಲಿಲ್ಲ.

ವಿಜಯಪುರದಿಂದ ದೊಡ್ಡಬಳ್ಳಾಪುರಕ್ಕೆ ದೇವನಹಳ್ಳಿ ಮೇಲೆ ಬಸ್ಸಿದೆ. ವಾರಕ್ಕೆ ಎರಡು ದಿನ ಬಂದರೆ ಸಾಕು, ಉಳಿದ ದಿನ ಅವಳೇ ಓದಿಕೊಳ್ಳುತ್ತಾಳಂತೆ. ಪಾಠಕ್ಕೆ ನಮ್ಮ ಮನೆಯ ಹಿಂದಿನ ಕೋಣೆ ಬಿಟ್ಟುಕೊಡುತ್ತೇನೆ, ಅಲ್ಲಿ ಮಗ್ಗದ ಸದ್ದಿಲ್ಲ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ನೀನು ಬರುವ ದಿನ ನಾನು ಪಾರ್ಕಿಗೆ ಹೋಗಿ ಯಜಮಾನರ ಪಕ್ಕ ಕಲ್ಲುಬೆಂಚಿನ ಮೇಲೆ ಕುಳಿತಿರುತ್ತೇನೆ. ಅಡಿಗೆ ಮಾಡಿಟ್ಟು ಹೋಗುತ್ತೇನೆ. ನಿನಗೆ ಉಪ್ಸಾರು ಇಷ್ಟ ಎನ್ನುವುದನ್ನು ಮರೆತಿಲ್ಲ. ಹುಡುಗಿಗೆ ಮಾತ್ರ ಇಲ್ಲ ಅನ್ನಬೇಡ.

ಕೆಂಪರಾಜನಿಗೂ ಸೊಸೆಗೂ ನನ್ನ ಆಶೀರ್ವಾದ. ನಿನ್ನ ಮೊಮ್ಮಗುವಿನ ಹೆಸರೇನೆಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ, ಆಶ್ಚರ್ಯ. ಹೆಸರು ಏನೇ ಇರಲಿ, ನೂರು ವರ್ಷ ಸುಖವಾಗಿ ಬಾಳಲಿ. ನೀನು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೋ.

ಇತಿ ನಿನ್ನ,
ಭಾಗ್ಯ

ತಾ.ಕ.

ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಅದಕ್ಕೇ ಅಂಚು ಹರಿದಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಸೊಣ್ಣಮ್ಮನ ತುಟಿ ಆಡಿದ್ದನ್ನು ನಾನು ಗಮನಿಸಿರಲಿಲ್ಲ ಎಂದು ಬರೆದೆನಲ್ಲ, ಗಮನಿಸಿದ್ದೆ. ಕಾಗೆ ಎನ್ನುವ ಮೊದಲನೇ ಮಾತಿಗೇ ಕಂಡಿತ್ತು. ಬೇರೆ ಯಾರಿಗೆ ಕಾಣದಿದ್ದರೂ ನನಗೆ ಕಾಣಲೇಬೇಕು. ಯಾಕೆಂದರೆ ನಾನು ನೌಕರಿಗೆ ಸೇರುವಾಗ ಫಿಟ್‌ನೆಸ್ ಸರ್ಟಿಫಿಕೇಟಿಗೆ ಹೋದ ದಿನ, ಡಾಕ್ಟರು ನನ್ನ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದಾಗ, ನಮ್ಮಕ್ಕ ಎದುರಿಗೆ ನಿಂತು ಹಾಗೇ ತುಟಿಯಲ್ಲಿ ಹೇಳಿಕೊಟ್ಟಿದ್ದಳು. ನನ್ನ ಎಡಗಿವಿ ಹತ್ತನೇ ವಯಸ್ಸಿನಿಂದ ಕೇಳುವುದಿಲ್ಲ ಅಮ್ಮಯ್ಯ. ಬಲಗಿವಿ ಆಗಲೂ ಅಷ್ಟಕ್ಕಷ್ಟೇ, ಈಗ ಅದೂ ಹೋಗುತ್ತಿದೆ. ಮನೆಯವರಿಗೂ ಪೂರ್ತಿ ಗೊತ್ತಿಲ್ಲ. ಫೋನ್ ಆಗಿಬರುವುದಿಲ್ಲ ಎಂದು ಹೇಳುತ್ತಿದ್ದುದು ಅದಕ್ಕೇ. ತರಗತಿಯಲ್ಲಿ ಯಾವಾಗಲೂ ನಿನ್ನ ಎಡಕ್ಕೆ ಕುಳಿತುಕೊಳ್ಳುತ್ತಿದ್ದುದೂ ಅದಕ್ಕೇ.

ಆ ಮಗುವಿನ ಹೆಸರು ಬರೆಯಲು ಪೆನ್ನು ಊರಿದ್ದೆ. ಬರೆದರೆ, ಇದು ನಿಮಗೆ ಹೇಗೆ ಗೊತ್ತಾಯಿತು ಮೇಡಂ ಎಂದು ಯಾರಾದರೂ ಕೇಳಿದರೆ ಎಂದು ಭಯವಾಯಿತು. ಕಿವಿ ಕೇಳದವಳು ಕಿವಿ ಪರೀಕ್ಷೆ ಮಾಡುತ್ತಿದ್ದಳು ಎಂದು ಗೊತ್ತಾದರೆ ನೌಕರಿಯ ಗತಿ ಏನು ಎಂದು ಭಯವಾಯಿತು. ಆಮೇಲೆ ನನಗೆ ನಾನೇ ಹೇಳಿಕೊಂಡೆ, ನಾನು ಇದನ್ನು ಮುಚ್ಚಿಟ್ಟುಕೊಂಡೇ ಇಷ್ಟು ದೂರ ಬರಲಿಲ್ಲವೇ, ಈ ಮಗುವೂ ಬರುತ್ತದೆ ಬಿಡು ಎಂದು. ಹಾಗೆ ಬರೆದದ್ದು ತೊಂದರೆ ಇಲ್ಲ ಎಂದು.

ಬೀದಿಯ ತುದಿಯಲ್ಲಿ ಶಿಲ್ಪ ತನ್ನ ಕಿವಿ ಮುಟ್ಟಿಕೊಂಡು, ನನ್ನ ಕಡೆ ಬೆರಳು ತೋರಿಸಿ, ಹುಬ್ಬು ಹಾರಿಸಿದಳು. ಮಗ್ಗದ ಮನೆಯ ಕೈಸನ್ನೆ. ನಿಮಗೂನಾ ಎಂದು. ನಾನು ಅವಳ ತುಟಿಯನ್ನೇ ನೋಡುತ್ತಿದ್ದುದು ಅವಳಿಗೆ ತಿಳಿದುಹೋಗಿತ್ತು. ಹೌದು ಎಂದು ತಲೆಯಾಡಿಸಿದೆ. ಅರವತ್ತೊಂದು ವರ್ಷಕ್ಕೆ ಮೊದಲ ಸಲ. ಅವಳು ಒಂದೇ ಮಾತು ಕೇಳಿದಳು: "ಗೊತ್ತಿದ್ದೂನಾ?" ನಿಮ್ಮತ್ರ ಬೇಡ ಮಿಸ್ ಎಂದದ್ದು ಅದಾದ ಮೇಲೆ.

ಏಳು ವರ್ಷದ ಮಗುವನ್ನು ಒಂದು ತಿಂಗಳಲ್ಲಿ ಕಂಡುಹಿಡಿದವಳು ನೀನು. ಮೂವತ್ತು ವರ್ಷ ಪಕ್ಕದಲ್ಲಿ ಕುಳಿತ ನನ್ನನ್ನು ಕಂಡುಹಿಡಿಯಲಿಲ್ಲ. ಕರೆದರೆ ತಿರುಗದ ಮಹಾರಾಣಿ ಎಂದು ನೀನು ಹಾಸ್ಟೆಲಿನಲ್ಲಿ ಆಡಿಕೊಂಡಾಗ ನಾನೂ ನಕ್ಕೆ, ಜಂಬ ಎಂದುಕೊಳ್ಳಲಿ, ಕಿವುಡಿ ಎನ್ನದಿದ್ದರೆ ಸಾಕು ಎಂದು. ಬಸ್‌ ಸ್ಟ್ಯಾಂಡಿನಲ್ಲಿ ನೀನು ಮೂರು ಸಲ ಕರೆದದ್ದು ನನಗೆ ಕೇಳಿಸಲಿಲ್ಲ ಕಣೇ. ಆಣೆಯಾಗಿ ಕೇಳಿಸಲಿಲ್ಲ. ಕೇಳಿಸಿದ್ದರೆ ಬಸ್ಸಿಗೆ ಅಡ್ಡ ನಿಂತಾದರೂ ನಿನ್ನನ್ನು ಇಳಿಸಿಕೊಳ್ಳುತ್ತಿದ್ದೆ.

ಬರುವ ದಿನ ತಿಳಿಸಿದರೆ ಬಸ್‌ ಸ್ಟ್ಯಾಂಡಿಗೆ ಬಂದಿರುತ್ತೇನೆ. ದೂರದಿಂದ ಕೂಗಬೇಡ. ನನ್ನ ಬಲಗಡೆಗೆ ಬಂದು ಒಂದು ಸಲ ಕರಿ.